ತಲೆಬರಹ ಬರೆದವರು ಯಾರು?

ಕವಿ ಸಿದ್ಧಲಿಂಗಯ್ಯ 2021ರ ಜೂನ್‌ನಲ್ಲಿ ತೀರಿಕೊಂಡರು. ಆಮೇಲೆ ಚಾಮರಾಜಪೇಟೆಯ ಒಂದು ಸಭಾಂಗಣದಲ್ಲಿ ಅವರ ನೆನಪಿನ ಕಾರ್ಯಕ್ರಮವೊಂದಕ್ಕೆ ಹೋಗಿದ್ದೆ. ನಿರೂಪಕರು ಒಳ್ಳೆಯ ಕಂಠದವರು. ಕವಿಯ ಪುಸ್ತಕಗಳನ್ನು ಒಂದೊಂದಾಗಿ ಹೇಳುತ್ತಾ ಹೋದರು. ‘ಸಾವಿರಾರು ನದಿಗಳು’, ‘ಕಪ್ಪು ಕಾಡಿನ ಹಾಡು’, ‘ಪಂಚಮ’, ‘ಏಕಲವ್ಯ’, ‘ಊರುಕೇರಿ’. ಎಲ್ಲ ಬಂತು. 1975ರಲ್ಲಿ ಬಂದ ಮೊದಲ ಪುಸ್ತಕದ ಹತ್ತಿರ ಬಂದಾಗ ಮಾತ್ರ ಒಂದು ಕ್ಷಣ ತಡೆದು, ‘ಅವರ ಮೊದಲ ಕವನ ಸಂಕಲನ’ ಎಂದು ಹೇಳಿ ಮುಂದಕ್ಕೆ ಹೋದರು. ಆ ಪುಸ್ತಕದ ಹೆಸರು ‘ಹೊಲೆಮಾದಿಗರ ಹಾಡು’.

ಟೀ ಕುಡಿಯುವಾಗ ಕೇಳಿದೆ. ‘ಯಾಕೆ ಸಾರ್, ಮೊದಲನೇ ಪುಸ್ತಕದ ಹೆಸರು ಹೇಳ್ಲೇ ಇಲ್ವಲ್ಲ?’ ಅವರು ನಿಜವಾಗಿಯೂ ಗಾಬರಿಯಾದರು. ‘ಅಯ್ಯೋ, ಮೈಕಲ್ಲಿ ಹೆಂಗೆ ಹೇಳೋದು ಸಾರ್? ಯಾರಾದ್ರೂ ಬೇಜಾರು ಮಾಡ್ಕೊಂಡ್ರೆ? ಕೇಸು ಗೀಸು ಅಂತ ಆಗ್ಬಿಟ್ರೆ?’

ಆತನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಆ ಮಾತು ಬಹಳ ದಿನ ಕಾಡಿತು. ಅವಮಾನ ಮಾಡಬೇಕೆಂದೇ ಜಾತಿಯ ಹೆಸರು ಹಿಡಿದು ನಾಲ್ಕು ಜನರ ಎದುರು ಬೈದರೆ 1989ರ ದೌರ್ಜನ್ಯ ತಡೆ ಕಾಯಿದೆ ಅದನ್ನು ಅಪರಾಧ ಅನ್ನುತ್ತದೆ. ಹಳ್ಳಿಯ ಜಗುಲಿಯ ಮೇಲೆ ಆ ಪದ ನಾಲಗೆಯ ಮೇಲೆ ಸಲೀಸಾಗಿ ಹರಿದಾಡುವಾಗ ಯಾರಿಗೂ ಈ ಕಾಯಿದೆ ನೆನಪಾಗುವುದಿಲ್ಲ. ಅದೇ ಪದವನ್ನು ಕವಿಯೊಬ್ಬ ತನ್ನ ಪುಸ್ತಕದ ಹಣೆಯ ಮೇಲೆ ಬರೆದುಕೊಂಡಾಗ ಕಾಯಿದೆ ತಟ್ಟನೆ ನೆನಪಾಗುತ್ತದೆ. ಬೈಗುಳವಾಗಿ ಸುಲಭ, ಶೀರ್ಷಿಕೆಯಾಗಿ ಕಷ್ಟ. ದಲಿತ ಸಾಹಿತ್ಯದ ಶೀರ್ಷಿಕೆಗಳ ವ್ಯಂಗ್ಯವೆಲ್ಲ ಈ ಎರಡರ ನಡುವಿನ ಸಂದಿಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ವಿಮರ್ಶೆ ಕತೆಯ ವಸ್ತು, ಕವಿತೆಯ ಧೋರಣೆ, ಲೇಖಕನ ಬದ್ಧತೆ ಇವುಗಳ ಬಗ್ಗೆ ಪುಟಗಟ್ಟಲೆ ಬರೆದಿದೆ. ಪುಸ್ತಕದ ಹೆಸರನ್ನು ಮಾತ್ರ ಬಾಗಿಲಂತೆ ದಾಟಿ ಒಳಗೆ ಹೋಗಿಬಿಟ್ಟಿದೆ. ಬಾಗಿಲು ದಾಟುವುದು ಯಾರಿಗೆ ಸುಲಭ, ಯಾರಿಗೆ ಕಷ್ಟ ಎಂದು ನಾವಾದರೂ ಕೇಳಬೇಕಿತ್ತು.

ಕನ್ನಡದಲ್ಲಿ ಶೀರ್ಷಿಕೆಗೆ ಇನ್ನೊಂದು ಮಾತಿದೆ, ತಲೆಬರಹ. ಪತ್ರಿಕೆಯವರಿಗೆ ಅದು ಸುದ್ದಿಯ ಮೇಲಿನ ದಪ್ಪ ಅಕ್ಷರ. ನಮ್ಮ ಅವ್ವಂದಿರ ಬಾಯಲ್ಲಿ ಅದು ಬೇರೆ. ‘ಏನ್ ಮಾಡೋದಪ್ಪ, ನಮ್ಮ ತಲೆಬರಹ’ ಎಂದರೆ ಬ್ರಹ್ಮ ಹಣೆಯ ಮೇಲೆ ಗೀಚಿದ್ದು, ನಾವು ಓದಲಾಗದ್ದು, ಅಳಿಸಲಾಗದ್ದು. ಇನ್ನೊಬ್ಬರು ಬರೆದ ತಲೆಬರಹವನ್ನು ಹೊತ್ತು ನಡೆದವರು ತಮ್ಮ ತಲೆಬರಹವನ್ನು ತಾವೇ ಬರೆಯಲು ಕೂತಾಗ ಏನಾಗುತ್ತದೆ ಎಂಬುದು ಈ ಲೇಖನದ ಪ್ರಶ್ನೆ.

ಮೊದಲು ಇನ್ನೊಬ್ಬರು ಬರೆದ ಒಂದು ತಲೆಬರಹವನ್ನು ನೋಡೋಣ. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಈ ಕಾದಂಬರಿಯ ದೊಡ್ಡತನದ ಬಗ್ಗೆ ನನಗೆ ತಕರಾರಿಲ್ಲ. ಅಸ್ಪೃಶ್ಯನೊಬ್ಬನ ಗುಡಿಸಲ ಒಳಗೆ ಕನ್ನಡ ಕಾದಂಬರಿಯನ್ನು ಕರೆದೊಯ್ದವರಲ್ಲಿ ಕಾರಂತರು ಮೊದಲಿಗರು. ಆದರೆ ಚೋಮ ಕೇಳಿದ್ದೇನು? ಅವನು ಕೇಳಿದ್ದು ದುಡಿಯನ್ನಲ್ಲ. ದುಡಿ ಅವನ ಹತ್ತಿರ ಮೊದಲೇ ಇತ್ತು. ಅವನು ಕೇಳಿದ್ದು ಉಳಲು ಒಂದು ತುಂಡು ನೆಲ. ಒಡೆಯರು ನೆಲ ಕೊಡಲಿಲ್ಲ. ಕಾದಂಬರಿಯ ಹೆಸರೂ ಕೊಡಲಿಲ್ಲ. ‘ಚೋಮನ ಹೊಲ’ ಎಂಬ ಪುಸ್ತಕ ಕನ್ನಡದಲ್ಲಿ ಬರಲು ಸಾಧ್ಯವಿರಲಿಲ್ಲ, ಏಕೆಂದರೆ ಚೋಮನಿಗೆ ಹೊಲವೇ ಇರಲಿಲ್ಲ. ಷಷ್ಠೀ ವಿಭಕ್ತಿಯ ಆ ಒಂದು ‘ನ’ಕಾರ ಚೋಮನಿಗೆ ಏನನ್ನು ಸ್ವಂತವಾಗಿಸುತ್ತದೆ, ಏನನ್ನು ಸ್ವಂತವಾಗಲು ಬಿಡುವುದಿಲ್ಲ ಎಂಬುದನ್ನು ಗಮನಿಸಬೇಕು. ಕಾರಂತರಿಗೆ ಈ ವ್ಯಂಗ್ಯ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಕೊನೆಯಲ್ಲಿ ಚೋಮ ಬಾರಿಸುತ್ತಾ ಬಾರಿಸುತ್ತಾ ಸಾಯುವುದು ಅದೇ ದುಡಿಯ ಮೇಲೆ. ಆದರೆ ಓದುಗವರ್ಗ ಏನು ಮಾಡಿತು? ದುಡಿಯ ಸದ್ದನ್ನು ಕಲೆ ಅಂತ ಆಸ್ವಾದಿಸಿ ಹೊಲದ ಮಾತನ್ನು ಮರೆತುಬಿಟ್ಟಿತು. ಶೀರ್ಷಿಕೆಯ ವ್ಯಂಗ್ಯ ಓದುಗನ ಕಿವಿಯಲ್ಲಿ ಸಂಗೀತವಾಗಿ ಕರಗಿಹೋಯಿತು.

ಇನ್ನು ನಲವತ್ತು ವರ್ಷ ದಾಟಿ 1973ಕ್ಕೆ ಬರೋಣ. ಆ ವರ್ಷ ದೇವನೂರ ಮಹಾದೇವರ ಮೊದಲ ಕಥಾಸಂಕಲನ ‘ದ್ಯಾವನೂರು’ ಬಂತು. ಅದರ ಹೊದಿಕೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಲೇಖಕನ ಹೆಸರಿನಲ್ಲಿ ‘ದೇವನೂರ’, ಪುಸ್ತಕದ ಹೆಸರಿನಲ್ಲಿ ‘ದ್ಯಾವನೂರು’. ಊರು ಒಂದೇ, ನಂಜನಗೂಡು ತಾಲ್ಲೂಕಿನದು. ಒಂದೇ ರಟ್ಟಿನ ಮೇಲೆ ಅದಕ್ಕೆ ಎರಡು ಕಾಗುಣಿತ. ಒಂದು ಸ್ಕೂಲಿನ ದಾಖಲಾತಿಯದ್ದು, ಇನ್ನೊಂದು ಕೇರಿಯ ಬಾಯಿಯದ್ದು. ಲೇಖಕನಾಗಿ ಅಚ್ಚಾಗಬೇಕಾದರೆ ಶಿಷ್ಟ ಕಾಗುಣಿತ ಬೇಕು; ಕತೆ ಹುಟ್ಟಬೇಕಾದರೆ ಅವ್ವನ ನಾಲಗೆಯೇ ಬೇಕು. ನವ್ಯದ ವಿಮರ್ಶಕರು ‘ದ್ಯಾ’ ಎಂಬ ಒತ್ತಕ್ಷರವನ್ನು ಪ್ರಾದೇಶಿಕ ಸೊಗಡು ಎಂದು ಕರೆದು ಕೈತೊಳೆದುಕೊಳ್ಳಬಹುದಿತ್ತು. ಅದು ಸೊಗಡಲ್ಲ, ಅದು ಹಕ್ಕುಸ್ಥಾಪನೆ. ಊರಿನ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಊರಿನ ಹೊರಗೆ ಇಟ್ಟವರು ಮೊದಲ ಸಲ ತೀರ್ಮಾನಿಸಿದರು.

ಅದೇ ಸಂಕಲನದಲ್ಲಿ ‘ಮೂಡಲ ಸೀಮೆಲಿ ಕೊಲೆಗಿಲೆ ಮುಂತಾಗಿ’ ಎಂಬ ಕತೆಯಿದೆ. ಕನ್ನಡ ಕಥಾಲೋಕದಲ್ಲಿ ಇದಕ್ಕಿಂತ ಕ್ರೂರವಾದ ಶೀರ್ಷಿಕೆ ನನಗೆ ಗೊತ್ತಿಲ್ಲ. ‘ಮೂಡಲ ಸೀಮೆ’ ಅಂದ ಕೂಡಲೇ ಜನಪದ ಹಾಡಿನ ರಾಗ ಕಿವಿಗೆ ಬರುತ್ತದೆ. ಆ ರಾಗದ ಬೆನ್ನಿಗೆ ಕೊಲೆ. ಕೊಲೆಯ ಬೆನ್ನಿಗೆ ‘ಗಿಲೆ’. ನಾವು ಕಾಪಿಗೀಪಿ, ತಿಂಡಿಗಿಂಡಿ ಅನ್ನುತ್ತೇವಲ್ಲ, ಅದೇ ‘ಗಿ’. ಈ ‘ಗಿ’ ಸೇರಿದ ಕೂಡಲೇ ಯಾವ ವಸ್ತುವೂ ತನ್ನ ತೂಕ ಕಳೆದುಕೊಂಡು ಅದರಂಥ ಹತ್ತರಲ್ಲಿ ಒಂದಾಗುತ್ತದೆ. ಕೊನೆಗೆ ‘ಮುಂತಾಗಿ’. ಇದು ಕಚೇರಿಯ ಮಾತು, ಪಟ್ಟಿ ಮಾಡಿ ಬೇಜಾರಾದ ಗುಮಾಸ್ತನ ಮಾತು. ಹಾಡು, ಹರಟೆ, ಕಡತ ಈ ಮೂರೂ ಸೇರಿ ಒಂದು ಹೆಣವನ್ನು ಹೇಗೆ ಹಗುರ ಮಾಡುತ್ತವೆ ಎಂಬುದು ಈ ನಾಲ್ಕು ಪದಗಳಲ್ಲಿದೆ. ನಮ್ಮ ನಿರೂಪಕ ಮಿತ್ರರು ‘ಕೇಸು ಗೀಸು’ ಅಂದಾಗ ನನಗೆ ನೆನಪಾದದ್ದು ಇದೇ ‘ಗಿಲೆ’. ಕೊಲೆಯೂ ಗಿಲೆಯಾಗುತ್ತದೆ, ಕೇಸೂ ಗೀಸಾಗುತ್ತದೆ. ಸತ್ತವನು ಮುಂತಾಗಿಯಲ್ಲಿ ಸೇರಿಹೋಗುತ್ತಾನೆ.

‘ಅಮಾಸ’ ಕತೆಯ ಹೆಸರೂ ಇದೇ ದಾರಿಯದ್ದು. ಆ ಹುಡುಗನಿಗೆ ಯಾಕೆ ಆ ಹೆಸರು ಬಂತು ಎಂದು ಕತೆಗೂ ಖಚಿತವಿಲ್ಲ. ಅವನ ಕಪ್ಪು ಬಣ್ಣಕ್ಕೋ, ಹುಟ್ಟಿದ ದಿನಕ್ಕೋ. ಕೇಳೋಣವೆಂದರೆ ಅವನ ಅಪ್ಪ ಅವ್ವ ಬದುಕಿಲ್ಲ. ಹೆಸರಿಟ್ಟವರೇ ಇಲ್ಲದ ಹೆಸರು ಅದು. ಒಳ್ಳೆಯ ಹೆಸರಿಟ್ಟುಕೊಂಡರೆ ಗೌಡರು ಸಿಟ್ಟಾಗುತ್ತಾರೆ ಎಂದು ತಿಪ್ಪ, ಗುಂಡ, ಕರಿಯ ಎಂದು ಕರೆಸಿಕೊಂಡ ತಲೆಮಾರುಗಳು ನಮ್ಮ ಕೇರಿಗಳಲ್ಲಿ ಆಗಿಹೋಗಿವೆ. ಅಂಥ ಒಂದು ಹೆಸರು ಕತೆಯ ನೆತ್ತಿಯ ಮೇಲೆ ನಿಂತಾಗ ಅಮಾವಾಸ್ಯೆಯೇ ಬೆಳಕಿಗೆ ಬಂದಂತಾಗುತ್ತದೆ. ಕತೆಯೊಳಗೆ ಅದೇ ಹುಡುಗ ಹುಲಿವೇಷ ಹಾಕಿ ಕುಣಿಯುವಾಗ ಊರೇ ಬೆರಗಾಗಿ ನೋಡುತ್ತದೆ. ಅಮಾಸನಿಗೆ ಊರು ಕಣ್ಣು ಕೊಟ್ಟದ್ದು ಅವನು ಹುಲಿಯಾಗಿದ್ದಾಗ ಮಾತ್ರ.

‘ಒಡಲಾಳ’ವನ್ನು ನಾನು ಒಮ್ಮೆ ನಮ್ಮವ್ವನಿಗೆ ಓದಿ ಹೇಳಲು ಕೂತೆ. ಹೆಸರು ಹೇಳಿದ ಕೂಡಲೇ ತಡೆದಳು. ‘ಒಡ್ಲು ಅಂದ್ರೆ ಯಾವುದ್ಲಾ, ಹಸಿಯೋ ಒಡ್ಲೋ, ಹೆತ್ತ ಒಡ್ಲೋ?’ ವಿಮರ್ಶೆಯ ಪುಸ್ತಕಗಳಲ್ಲಿ ನನಗೆ ಈ ಪ್ರಶ್ನೆ ಸಿಕ್ಕಿರಲಿಲ್ಲ. ಸಾಕವ್ವನ ಕಳೆದುಹೋದ ಹುಂಜ, ರಾತ್ರಿಯೆಲ್ಲಾ ಮನೆಮಂದಿ ಕೂತು ತಿಂದು ಮುಗಿಸುವ ಕಡ್ಲೆಕಾಯಿ, ಬೆಳಗ್ಗೆ ಬರುವ ಪೊಲೀಸರು ಇದೆಲ್ಲ ಹಸಿವಿನ ಒಡಲು. ಮಕ್ಕಳು ಮೊಮ್ಮಕ್ಕಳನ್ನು ರೆಕ್ಕೆಯಡಿ ಇಟ್ಟುಕೊಂಡ ಸಾಕವ್ವ ಹೆತ್ತ ಒಡಲು. ‘ಸಂಸ್ಕಾರ’ ಎಂಬ ಶೀರ್ಷಿಕೆಗೆ ಉತ್ತರಕ್ರಿಯೆ ಎಂದೂ ಅರ್ಥ, ಸಂಸ್ಕೃತಿ ಎಂದೂ ಅರ್ಥ ಎಂದು ನಮ್ಮ ಕಾಲೇಜುಗಳಲ್ಲಿ ದಶಕಗಟ್ಟಲೆ ಪಾಠ ಹೇಳಿದ್ದೇವೆ. ಒಡಲಿಗೂ ಹಾಗೆ ಎರಡು ಅರ್ಥವಿದೆ ಎಂದು ಹೇಳಲು ಓದು ಬರದ ಒಬ್ಬ ಹೆಂಗಸು ಬೇಕಾಯಿತು. ಅರ್ಥಗಳ ಸಂಪತ್ತು ಸಂಸ್ಕೃತ ಪದಕ್ಕೆ ಮಾತ್ರ ಇರುತ್ತದೆ, ಕೇರಿಯ ಪದಕ್ಕೆ ಇರುವುದು ಬರೀ ಅನುಭವ ಎಂಬ ಪೂರ್ವಗ್ರಹ ನಮ್ಮ ಒಳಗೂ ಇತ್ತು ಎಂದೇ ಇದರ ಅರ್ಥ.

‘ಕುಸುಮಬಾಲೆ’ಯ (1984) ವ್ಯಂಗ್ಯ ಇನ್ನೂ ಒಳಗಿನದು. ಹೆಸರು ಕೇಳಿದರೆ ಯಾವುದೋ ರಾಜಕುಮಾರಿಯ ಕತೆ ಅನ್ನಬೇಕು. ಒಳಗೆ ಹೋದರೆ ಮೇಲ್ಜಾತಿಯ ಆಕೆಯನ್ನು ಕೂಡಿದ ತಪ್ಪಿಗೆ ಕೊಲೆಯಾದ ದಲಿತ ಹುಡುಗ ಚೆನ್ನ. ಅವನು ಬೊಂಬಾಯಿಗೆ ಹೋಗಿದ್ದಾನೆ ಅಂತ ಊರು ನಂಬಿಕೊಂಡಿದೆ. ಊರಿನಲ್ಲಿ ಇಲ್ಲದವನು ಶೀರ್ಷಿಕೆಯಲ್ಲೂ ಇಲ್ಲ. ಪುಸ್ತಕದ ಮೇಲೆ ಹೂವಿನ ಹೆಸರು, ಪುಸ್ತಕದ ಅಡಿಯಲ್ಲಿ ಹೆಣ. ಮರೆಮಾಚುವ ಊರಿನ ಕೆಲಸವನ್ನೇ ಶೀರ್ಷಿಕೆಯೂ ಮಾಡಿ ತೋರಿಸುತ್ತದೆ, ಹಾಗೆ ಮಾಡಿಯೇ ಊರನ್ನು ಬಯಲು ಮಾಡುತ್ತದೆ.

ಇಲ್ಲಿ ಘಟನೆಗಳ ಹೆಸರಿನ ಬಗ್ಗೆಯೂ ಒಂದು ಮಾತು. 1973ರ ನವೆಂಬರ್‌ನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬರ್ಥದ ಮಾತಾಡಿದರು. ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಚರಿತ್ರೆಯಲ್ಲಿ ಅದಕ್ಕೆ ಉಳಿದ ಹೆಸರು ‘ಬೂಸಾ ಪ್ರಕರಣ’. ಆಡಿದ ಮಾತಿಗೆ ಹೆಸರು ಸಿಕ್ಕಿತು, ಬಿದ್ದ ಏಟಿಗೆ ಸಿಗಲಿಲ್ಲ. ಮತ್ತೆ ಆರು ವರ್ಷಕ್ಕೆ, 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಇಡಿ ಎಂಬ ಬೇಡಿಕೆ ಇದೇ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿಗೆ ಹೋಯಿತು. ಪರಿಷತ್ತು ಒಪ್ಪಲಿಲ್ಲ. ಸಾಹಿತ್ಯದಲ್ಲಿ ಅಂಥ ಬೇರೆ ವಿಭಾಗ ಇಲ್ಲ ಎಂಬುದು ಉತ್ತರದ ಸಾರ. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಇಡೀ ಜಗಳ ಮೇಲ್ನೋಟಕ್ಕೆ ಒಂದು ಗೋಷ್ಠಿಯ ತಲೆಬರಹದ ಜಗಳ. ಒಳಗೆ ನೋಡಿದರೆ ಅದು ಯಾರು ಯಾರನ್ನು ಯಾವ ಹೆಸರಿನಿಂದ ಕರೆಯಬಹುದು ಎಂಬ ಜಗಳ. ಮನುಷ್ಯಕುಲ ಒಂದೇ ಎಂದ ಪಂಪನ ಹೆಸರಿನ ರಸ್ತೆಯಲ್ಲೇ ಪರಿಷತ್ತು ಇರುವುದು ಎಂಬ ವ್ಯಂಗ್ಯವನ್ನು ಯಾವ ಕತೆಗಾರನೂ ಬರೆದದ್ದಲ್ಲ. 2015ರಲ್ಲಿ ಶ್ರವಣಬೆಳಗೊಳದ ಸಮ್ಮೇಳನಕ್ಕೆ ಅದೇ ಪರಿಷತ್ತು ಸಿದ್ಧಲಿಂಗಯ್ಯನವರನ್ನು ಅಧ್ಯಕ್ಷರನ್ನಾಗಿ ಕರೆಯಿತು. ಆದರೂ ಆಮೇಲೆ ಅದೇ ಬಡಾವಣೆಯ ಒಂದು ಮೈಕಿನಲ್ಲಿ ಅವರ ಮೊದಲ ಪುಸ್ತಕದ ಹೆಸರು ಬರಲಿಲ್ಲ. ಕವಿ ಒಳಗೆ ಬಂದ, ಶೀರ್ಷಿಕೆ ಹೊರಗೆ ನಿಂತಿತು.

ಹಾಡುಗಳ ವಿಷಯ ಸ್ವಲ್ಪ ಬೇರೆ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಹಾಡುಗಳಿಗೆ ಶೀರ್ಷಿಕೆ ಇರುತ್ತಿರಲಿಲ್ಲ. ಮೊದಲ ಸಾಲೇ ಹೆಸರು. ತಮಟೆ ಬಿಸಿ ಮಾಡುತ್ತಾ ‘ಸ್ವಾತಂತ್ರ್ಯದ್ದು ಹಾಡ್ರೋ’ ಅಂದರೆ ಯಾವುದು ಅಂತ ಎಲ್ಲರಿಗೂ ಗೊತ್ತು. ಓದು ಬಾರದವನು ಹಾಡನ್ನು ಹಿಡಿದುಕೊಳ್ಳುವುದು ಅದರ ಬಾಯಿಂದ, ತಲೆಯಿಂದಲ್ಲ. ನಮ್ಮ ಪರಂಪರೆಯಲ್ಲೂ ಹಾಗೇ. ದೇವರ ಗುಡ್ಡರು ಮಾದಪ್ಪನ ಕತೆಯನ್ನು ಸಾಲುಗಳಲ್ಲಿ ಹಾಡುತ್ತಾರೆ. ಸಂಕಮ್ಮನ ಸಾಲು ಅಂತಾರೆ. ನೀಲಗಾರರು ಮಂಟೇಸ್ವಾಮಿಯನ್ನು ಹಾಡುತ್ತಾರೆ. ಅದಕ್ಕೆ ‘ಕಾವ್ಯ’ ಎಂಬ ತಲೆಬರಹ ಅಂಟಿದ್ದು ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದಾಗ. ಗೌರವದಿಂದಲೇ ಅಂಟಿಸಿದರು, ಒಪ್ಪೋಣ. ಆದರೆ ಕಾವ್ಯ ಎಂದ ಮೇಲೇನೇ ಗೌರವ, ಸಾಲು ಎಂದರೆ ಇಲ್ಲ ಎಂಬುದು ಅದರೊಳಗಿನ ಸತ್ಯ. ಸಿದ್ಧಲಿಂಗಯ್ಯ ತಮ್ಮ ಮೊದಲ ಪುಸ್ತಕಕ್ಕೆ ಕವಿತೆ, ಕಾವ್ಯ ಎಂದು ಕರೆಯದೆ ‘ಹಾಡು’ ಎಂದು ಕರೆದದ್ದು ಈ ಕಾರಣಕ್ಕೆ ನನಗೆ ಮುಖ್ಯ.

ಬೈಗುಳವನ್ನು ಬಿರುದಿನಂತೆ ತೊಡುವ ವ್ಯಂಗ್ಯ ಪೂರ್ತಿ ಹರಿತವಾದದ್ದು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ (1994). ಕನ್ನಡದ ಮೊದಲ ದಲಿತ ಆತ್ಮಕತೆ ಎಂದು ಅದನ್ನು ಕರೆಯುತ್ತಾರೆ. ಮೀಸಲಾತಿಯಿಂದ ನೌಕರಿ ಸಿಕ್ಕವರನ್ನು ಆಡಿಕೊಳ್ಳಲು ಹುಟ್ಟಿದ ಮಾತು ಅದು. ‘ಗವರ್ನಮೆಂಟ್’ ಅಲ್ಲ, ‘ಗೌರ್ಮೆಂಟ್’. ಹಳ್ಳಿಯ ಬಾಯಲ್ಲಿ ಸವೆದ ಇಂಗ್ಲಿಷು. ಅದರ ಪಕ್ಕದಲ್ಲಿ ಸಂಸ್ಕೃತದ ಬ್ರಾಹ್ಮಣ. ಈ ಎರಡು ಪದ ಸೇರಿದರೆ ನಗು ಬರುತ್ತದೆ. ಆ ನಗು ಯಾರ ಮೇಲೆ? ಕಚೇರಿಯ ಗುಮಾಸ್ತ ನಕ್ಕಾಗ ದಲಿತನ ಮೇಲೆ. ಲೇಖಕ ರಟ್ಟಿನ ಮೇಲೆ ಅಚ್ಚು ಹಾಕಿಸಿದಾಗ, ಹುಟ್ಟಿನಿಂದ ಬ್ರಾಹ್ಮಣನಾದವನಿಗೆ ಯಾವ ಗೌರ್ಮೆಂಟು ಆ ಪಟ್ಟ ಕೊಟ್ಟಿತ್ತು ಎಂಬ ಪ್ರಶ್ನೆ ಎದ್ದು, ನಗು ತಿರುಗಿ ನಿಲ್ಲುತ್ತದೆ. ಆಮೇಲಿನ ತಲೆಮಾರಿನ ಎನ್.ಕೆ. ಹನುಮಂತಯ್ಯನವರ ‘ಮಾಂಸದಂಗಡಿಯ ನವಿಲು’ ಈ ಹಾದಿಯನ್ನು ಇನ್ನಷ್ಟು ದೂರ ಒಯ್ದಿದೆ. ಕಾವ್ಯದ ಉದ್ಯಾನವನದಲ್ಲಿ ಗರಿಬಿಚ್ಚಿ ಕುಣಿಯುತ್ತಿದ್ದ ಹಕ್ಕಿ ಕಟುಕನ ಅಂಗಡಿಗೆ ಬಂದಿದೆ. ದು. ಸರಸ್ವತಿಯವರ ‘ಸಣ್ತಿಮ್ಮಿ ರಾಮಾಯಣ’ದಲ್ಲಿ ವಾಲ್ಮೀಕಿ, ತುಳಸೀದಾಸ, ಕುವೆಂಪು ಹೆಸರು ನಿಲ್ಲುತ್ತಿದ್ದ ಜಾಗದಲ್ಲಿ ಕೇರಿಯ ಹೆಂಗಸೊಬ್ಬಳು ಬಂದು ಕೂತಿದ್ದಾಳೆ. ನಮ್ಮ ಗಂಡಸರ ಶೀರ್ಷಿಕೆಗಳಲ್ಲಿ ಇಂಥ ಹೆಂಗಸಿನ ಹೆಸರು ಎಷ್ಟು ವಿರಳ ಎಂಬುದನ್ನೂ ಈ ಶೀರ್ಷಿಕೆ ನೆನಪಿಸುತ್ತದೆ.

ಈಗ ನನ್ನನ್ನು ಹೆಚ್ಚು ಕಾಡುವ ಜಾಗಕ್ಕೆ ಬರುತ್ತೇನೆ. ‘ಊರುಕೇರಿ’ ಎಂಬುದು ಒಂದೇ ಪದ. ಹಳ್ಳಿಯಲ್ಲಿ ಊರಿಗೂ ಕೇರಿಗೂ ನಡುವೆ ಬಯಲಿದೆ, ಹಳ್ಳವಿದೆ, ದಾಟಿದರೆ ಏಟಿದೆ. ಪುಸ್ತಕದ ಹೆಸರಿನಲ್ಲಿ ಮಾತ್ರ ನಡುವೆ ಜಾಗವೇ ಇಲ್ಲ. ಬದುಕಿನಲ್ಲಿ ಆಗದ್ದನ್ನು ಸಮಾಸ ಮಾಡಿದೆ. ಆ ಆತ್ಮಕತೆ 2013ರಲ್ಲಿ ಇಂಗ್ಲಿಷಿನಲ್ಲಿ ‘ಎ ವರ್ಡ್ ವಿತ್ ಯೂ, ವರ್ಲ್ಡ್’ ಎಂಬ ಹೆಸರಿನಲ್ಲಿ ಬಂತು. ಸುಂದರ ಹೆಸರೇ. ಆದರೆ ಲೋಕದ ಜೊತೆ ಮಾತಾಡುವ ಆತುರದಲ್ಲಿ ಊರು, ಕೇರಿ ಎರಡೂ ಕಳೆದುಹೋದವು.

‘ಹೊಲೆಮಾದಿಗರ ಹಾಡು’ ಕೂಡ ಅಂಥದೇ ಸಮಾಸ. ಹೊಲೆಯರ ಕೇರಿ ಬೇರೆ, ಮಾದಿಗರ ಕೇರಿ ಬೇರೆ. ಹೆಣ್ಣು ಕೊಟ್ಟು ತರುವುದಿಲ್ಲ. ಎಷ್ಟೋ ಕಡೆ ಬಾವಿಯೂ ಬೇರೆ. 1975ರಲ್ಲಿ ಒಬ್ಬ ಯುವಕ ಈ ಎರಡನ್ನೂ ನಡುವೆ ‘ಮತ್ತು’ ಕೂಡ ಇಡದೆ ಕೂಡಿಸಿ ಬರೆದ. ಅದು ಕನಸು. ಆ ಕನಸಿನ ಬೆನ್ನಿಗೆ ಚಳವಳಿಯೂ ಬೆಳೆಯಿತು. ಆದರೆ ಚಳವಳಿಯೊಳಗೆ ಯಾರ ಬಾಯಿ ಕೇಳಿಸಿತು, ಯಾರದು ಕೇಳಿಸಲಿಲ್ಲ ಎಂಬ ಪ್ರಶ್ನೆಯನ್ನು ಮಾದಿಗ ಮಿತ್ರರು ದಶಕಗಳ ಕಾಲ ಕೇಳುತ್ತಲೇ ಬಂದರು. 2005ರಲ್ಲಿ ಸದಾಶಿವ ಆಯೋಗ ನೇಮಕವಾಯಿತು, 2012ರಲ್ಲಿ ವರದಿ ಬಂತು, ವರದಿ ಮಲಗಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟುಕೊಟ್ಟಿತು. 2025ರ ಆಗಸ್ಟ್‌ನಲ್ಲಿ ರಾಜ್ಯದ ಮಂತ್ರಿಮಂಡಲ ಶೇಕಡಾ 17ನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಪುಸ್ತಕ ಬಂದು ಸರಿಯಾಗಿ ಐವತ್ತು ವರ್ಷಕ್ಕೆ ಸಮಾಸ ವಿಗ್ರಹವಾಯಿತು.

ಹಾಗಾದರೆ ಆ ಶೀರ್ಷಿಕೆ ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಪಾಲು ಕೇಳುವುದು ಒಡಕಲ್ಲ. ಕೂಡು ಕುಟುಂಬದ ಹೆಸರಿನಲ್ಲಿ ಒಬ್ಬನೇ ಉಣ್ಣುವುದು ಒಡಕು. ಆದರೆ ಶೀರ್ಷಿಕೆಯಲ್ಲಿ ಕೂಡಿಸಿಬಿಟ್ಟೆವು ಎಂದು ಬದುಕಿನಲ್ಲಿ ಕೂಡಿಸುವ ಕೆಲಸವನ್ನು ನಾವು ಬಿಟ್ಟೆವು. ಕವಿ ಬರೆದದ್ದು ಮುಂದೆ ಆಗಬೇಕಾದ್ದನ್ನು. ನಾವು ಅದನ್ನು ಆಗಿಹೋದದ್ದು ಎಂದು ಓದಿಕೊಂಡೆವು. ದಲಿತ ವಿಮರ್ಶೆ ಮೇಲ್ಜಾತಿಯ ಓದುಗನನ್ನು ಕೇಳುವ ಪ್ರಶ್ನೆಯನ್ನು ತನಗೂ ಕೇಳಿಕೊಳ್ಳಬೇಕಾದದ್ದು ಇಲ್ಲಿ.

ಒಂದು ತಪ್ಪೊಪ್ಪಿಗೆಯನ್ನೂ ಬರೆದುಬಿಡುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ‘ಹೊಲೆಮಾದಿಗರ ಹಾಡು’ ಪ್ರತಿಯೊಂದು ನನ್ನ ಕೈಗೆ ಬಂತು. ಬಸ್ಸಿನಲ್ಲಿ ಓದಬೇಕು. ಪಕ್ಕದಲ್ಲಿ ಕೂತವರು ಹೆಸರು ನೋಡಿದರೆ, ನೋಡಿ ನನ್ನ ಮುಖ ನೋಡಿದರೆ? ಹಳೇ ಪೇಪರಿನಲ್ಲಿ ಪಠ್ಯಪುಸ್ತಕಕ್ಕೆ ಹಾಕುವ ಹಾಗೆ ನೀಟಾಗಿ ರಟ್ಟು ಹಾಕಿದೆ. ಒಳಗಿನ ಸಿಟ್ಟಿನ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿದೆ, ಹೆಸರನ್ನು ಮಾತ್ರ ಮುಚ್ಚಿಟ್ಟೆ. ಹಾಗಾಗಿ ಮೈಕಿನ ಮುಂದೆ ಹೆಸರು ನುಂಗಿದ ಆ ಮಿತ್ರರನ್ನು ದೂರುವ ನೈತಿಕತೆ ನನಗಿಲ್ಲ. ಆತ ಒಂದು ಸಂಜೆ ನುಂಗಿದರು, ನಾನು ಎರಡು ವರ್ಷ.

ನನ್ನ ಮನವಿ ಚಿಕ್ಕದು. ಸಭೆಗಳಲ್ಲಿ ನಮ್ಮ ಪುಸ್ತಕಗಳ ಹೆಸರನ್ನು ಪೂರ್ತಿ ಹೇಳಿ. ತರಗತಿಯಲ್ಲಿ ಪಾಠವನ್ನು ಹೆಸರಿನಿಂದಲೇ ಶುರುಮಾಡಿ. ಹೆಸರು ಕೇಳಿದಾಗ ಯಾವ ಹುಡುಗ ನಕ್ಕ, ಯಾವ ಹುಡುಗಿ ತಲೆ ತಗ್ಗಿಸಿದಳು ಎಂದು ನೋಡಿ. ಆ ನಗು, ಆ ತಗ್ಗಿದ ತಲೆ ಕೂಡ ಪಠ್ಯವೇ. ಬೈಯುವವನ ಬಾಯಲ್ಲಿ ಆ ಪದ ಇನ್ನೂ ಬೈಗುಳವೇ, ಅದಕ್ಕೆ ಕಾಯಿದೆ ಇರಲಿ. ಓದುವವನ ಬಾಯಲ್ಲಿ ಅದು ಒಬ್ಬ ಕವಿ ತನ್ನ ಕೈಯಾರೆ ಬರೆದ ತಲೆಬರಹ. ಬ್ರಹ್ಮ ಬರೆದದ್ದನ್ನು ಓದಲಾಗಲಿಲ್ಲ ನಮ್ಮವ್ವಂದಿರಿಗೆ. ಇದನ್ನಾದರೂ ಗಟ್ಟಿಯಾಗಿ ಓದೋಣ.